ಬೋಣಿ ಯಾರ ಕೈಯದ್ದು?

ಇವತ್ತು ಜನವರಿಯ ಮೊದಲ ಸೋಮವಾರ. ಹೊಸ ವರ್ಷದ ಕೇಕು, ಶುಭಾಶಯದ ಮೆಸೇಜು, ವರ್ಷಭವಿಷ್ಯ ಎಲ್ಲ ಮುಗಿದು, ಜನ ಮತ್ತೆ ಕೆಲಸಕ್ಕೆ ಹೊರಟ ದಿನ. ರಾಜಕೀಯ ಎಲ್ಲಿಗೂ ಹೋಗಲ್ಲ, ಒಂಬತ್ತು ಗಂಟೆಗೆ ಮತ್ತೆ ಬರುತ್ತೆ. ಅಲ್ಲಿಯವರೆಗೆ ಒಂದು ಹಳೇ ಪದದ ಬಗ್ಗೆ ಮಾತಾಡೋಣ.

ಪದ ಇಂಗ್ಲಿಷಿನದ್ದು. ಹ್ಯಾಂಡ್ಸೆಲ್. ಇಂಗ್ಲೆಂಡಿನಲ್ಲಿ ಇವತ್ತು ಇದನ್ನು ಬಳಸುವವರು ತೀರಾ ಕಡಿಮೆ, ಸ್ಕಾಟ್ಲೆಂಡ್‌ನ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಹೊಸದೇನಾದರೂ ಶುರುವಾದಾಗ ಒಳ್ಳೇದಾಗಲಿ ಅಂತ ಕೈಗೆ ಕೊಡುವ ಕಾಣಿಕೆಗೆ ಈ ಹೆಸರು. ಹೊಸ ವರ್ಷ, ಹೊಸ ಮನೆ, ಹೊಸ ಕೆಲಸ, ಹೊಸ ಕೋಟು, ಹುಟ್ಟಿದ ಮಗು, ಯಾವುದಾದರೂ ಆಗಬಹುದು. ಇನ್ನೊಂದು ಅರ್ಥ ಕೇಳಿದರೆ ನಿಮಗೆ ನಗು ಬರುತ್ತೆ. ಬೆಳಗ್ಗೆ ಅಂಗಡಿ ತೆಗೆದ ವ್ಯಾಪಾರಿಯ ಕೈಗೆ ಬೀಳುವ ಮೊದಲ ದುಡ್ಡಿಗೂ ಹ್ಯಾಂಡ್ಸೆಲ್ ಅಂತಲೇ ಹೆಸರು. ಅಂದರೆ ಏನು ಹೇಳಿ? ನಮ್ಮ ಬೋಣಿ!

'ಬೋಣಿ ಟೈಮು ಸಾರ್, ಬೇಡ ಅನ್ಬೇಡಿ' ಅಂತ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನವರು ಹೇಳ್ತಾರಲ್ಲ, ಅದೇ ಬೋಣಿ. ಆ ಮೊದಲ ನೋಟನ್ನು ಕಣ್ಣಿಗೆ ಒತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಹೂವಿನ ರಾಶಿಯ ಮೇಲೊಂದು ಸುತ್ತು ತಿರುಗಿಸಿ, ಆಮೇಲೆ ಗೋಣಿಚೀಲದ ಕೆಳಗೆ ಇಡ್ತಾರೆ. ಫ್ರಾನ್ಸಿಸ್ ಗ್ರೋಸ್ ಅಂತ ಒಬ್ಬ ಇಂಗ್ಲಿಷ್ ಲೇಖಕ ಇದ್ದ. 1787ರ ತನ್ನ ಪುಸ್ತಕದಲ್ಲಿ ಆತ ಬರೆದಿದ್ದಾನೆ: ಹಣ್ಣು ಮಾರುವವರು, ಮೀನು ಮಾರುವವರು ದಿನದ ಮೊದಲ ವ್ಯಾಪಾರದ ದುಡ್ಡಿನ ಮೇಲೆ ಅದೃಷ್ಟ ಬರಲಿ ಅಂತ ಉಗುಳುತ್ತಾರೆ! ನಾವು ಕಣ್ಣಿಗೆ ಒತ್ತಿಕೊಳ್ಳುತ್ತೀವಿ, ಅವರು ಉಗುಳುತ್ತಿದ್ದರು. ರೀತಿ ಬೇರೆ, ಒಳಗಿನ ಭಯ ಒಂದೇ. ಇವತ್ತು ಸಂಜೆ ಮನೆಗೆ ದುಡ್ಡು ಹೋಗುತ್ತಾ ಇಲ್ವಾ ಅನ್ನೋ ಭಯ.

ಪದವನ್ನು ಬಿಡಿಸಿ ನೋಡೋಣ. ಹ್ಯಾಂಡ್ ಅಂದರೆ ಕೈ, ಅದು ಎಲ್ಲರಿಗೂ ಗೊತ್ತು. ಸೆಲ್ ಅಂದರೆ ಈಗ ಮಾರು. ಆದರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಆ ಪದದ ಮೂಲಕ್ಕೆ ಕೊಡು ಅಂತ ಅರ್ಥ ಇತ್ತು. ಮಾರೋದು ಆಮೇಲೆ ಬಂದದ್ದು, ಕೊಡೋದು ಮೊದಲು. ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಯಲ್ಲಿ ಹಂಡ್‌ಸಾಲ್ ಅಂದರೆ ಕೈಗೆ ಕೈ ಕೊಟ್ಟು ಮಾತು ಪಕ್ಕಾ ಮಾಡೋದು. ಕಾಗದ, ಸ್ಟಾಂಪು, ಸಾಕ್ಷಿ ಯಾವುದೂ ಬೇಡ, ಕೈ ಕೊಟ್ಟರೆ ಮುಗೀತು. ಈ ವಿಷಯದಲ್ಲಿ ನಾವು ಸ್ವಲ್ಪ ಉಲ್ಟಾ. ನಮ್ಮಲ್ಲಿ 'ಅವನು ಕೈ ಕೊಟ್ಟ' ಅಂದರೆ ಮೋಸ ಮಾಡಿ ಓಡಿಹೋದ ಅಂತ!

ಆದರೂ ಕನ್ನಡಕ್ಕೂ ಕೈಗೂ ಬಹಳ ನಂಟು. ಕೆಲಸ ಆಯಿತು ಅನ್ನೋದಕ್ಕೆ ಕೈಗೂಡಿತು ಅಂತೀವಿ. ಡಾಕ್ಟರ ಮಾತ್ರೆ ಅದೇ ಕಂಪನಿದಾದರೂ ಇವರ ಕೈಗುಣ ಚೆನ್ನಾಗಿದೆ ಅಂತೀವಿ. ಉಪ್ಪಿನಕಾಯಿ ಕೆಡದಿದ್ದರೆ ಅಜ್ಜಿಯ ಕೈಗುಣ. ಕೇರಳದವರು ವಿಷು ಹಬ್ಬದ ಬೆಳಗ್ಗೆ ಮನೆಯ ಕಿರಿಯರಿಗೆ ಹಿರಿಯರು ಕೊಡುವ ದುಡ್ಡಿಗೆ ಕೈನೀಟ್ಟಂ ಅಂತಾರೆ. ಕೈ ನೀಡಿ ಕೊಟ್ಟದ್ದು ಅಂತ ನಮಗೂ ತಟ್ಟನೆ ಅರ್ಥ ಆಗುತ್ತೆ. ಹೊಸ ಪರ್ಸನ್ನು ಖಾಲಿ ಕೊಡಬಾರದು, ಒಳಗೊಂದು ರೂಪಾಯಿ ಇಟ್ಟು ಕೊಡಬೇಕು ಅಂತ ನಮ್ಮಮ್ಮ ಹೇಳ್ತಾರೆ, ನಿಮ್ಮಮ್ಮನೂ ಹೇಳಿರ್ತಾರೆ. ಸ್ಕಾಟ್ಲೆಂಡಿನ ಅಮ್ಮಂದಿರೂ ಅದನ್ನೇ ಹೇಳಿಕೊಂಡು ಬಂದಿದ್ದಾರೆ. ಅವರಿಗೆ ಯಾರು ಫೋನ್ ಮಾಡಿ ಹೇಳಿದ್ದು ಸ್ವಾಮಿ? ಯಾರೂ ಇಲ್ಲ. ಖಾಲಿ ಕೈಯಲ್ಲಿ ಶುರು ಮಾಡೋಕೆ ಎಲ್ಲಾ ಊರಿನ ಮನುಷ್ಯನಿಗೂ ಹೆದರಿಕೆ.

ಇಷ್ಟೇ ಆಗಿದ್ದರೆ ಇದು ಭಾನುವಾರದ ಪುರವಣಿಗೆ ಸಾಕಿತ್ತು, ನಿಮ್ಮ ಸಮಯ ತಗೊಳ್ತಿರಲಿಲ್ಲ. ನನಗೆ ಮುಖ್ಯ ಅನಿಸಿದ್ದು ಮುಂದಿನ ಮಾತು. ಈ ಶುಭದ ಕಾಣಿಕೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ? ಅದನ್ನು ಹಿಡಿದು ನೋಡುತ್ತಾ ಹೋದರೆ ಒಂದು ಸಮಾಜದ ಲೆಕ್ಕಪತ್ರ ಪೂರ್ತಿ ಗೊತ್ತಾಗುತ್ತೆ.

ಮೊದಲು ಸ್ಕಾಟ್ಲೆಂಡಿಗೇ ಹೋಗೋಣ. ಅಲ್ಲಿ ವರ್ಷದ ಮೊದಲ ಸೋಮವಾರಕ್ಕೆ ಹ್ಯಾಂಡ್ಸೆಲ್ ಮಂಡೇ ಅಂತ ಹೆಸರು ಇತ್ತು. ಹೌದು, ಇವತ್ತಿನಂಥ ದಿನ. ಅಲ್ಲಿನ ಚರ್ಚಿನವರು ಕಟ್ಟುನಿಟ್ಟಿನ ಸುಧಾರಕರು. ಕ್ರಿಸ್‌ಮಸ್ಸಿನ ಸಡಗರ ಅವರಿಗೆ ಆಗಿಬರುತ್ತಿರಲಿಲ್ಲ. 1640ರಲ್ಲಿ ಅಲ್ಲಿನ ಸಂಸತ್ತು ಕ್ರಿಸ್‌ಮಸ್ ರಜೆಯನ್ನೇ ತೆಗೆದುಹಾಕಿತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆ ಆದದ್ದು ಯಾವಾಗ ಗೊತ್ತಾ? 1958ರಲ್ಲಿ! ಹಾಗಾದರೆ ಹೊಲದಲ್ಲಿ ದುಡಿಯುವ ಆಳಿಗೆ, ಮನೆಗೆಲಸದ ಹುಡುಗಿಗೆ ಹಬ್ಬ ಯಾವುದು? ಈ ಸೋಮವಾರ. ಅವತ್ತು ಯಜಮಾನ ಆಳುಗಳ ಕೈಗೆ ಕಾಸು ಕೊಡಬೇಕು, ಊಟ ಹಾಕಬೇಕು, ರಜೆ ಕೊಡಬೇಕು.

ಜನ ಆ ದಿನವನ್ನು ಎಷ್ಟು ಗಟ್ಟಿಯಾಗಿ ಹಿಡಕೊಂಡಿದ್ದರು ನೋಡಿ. 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಾಯಿಸಿ ಹನ್ನೊಂದು ದಿನ ಹಾರಿಸಿತು. ಸೆಪ್ಟೆಂಬರ್ 2 ಆದಮೇಲೆ ನೇರ ಸೆಪ್ಟೆಂಬರ್ 14. ಸರ್ಕಾರ ಬೇಕಾದ್ದು ಮಾಡಿಕೊಳ್ಳಲಿ, ನಮ್ಮ ಸೋಮವಾರ ನಮಗೆ ಅಂತ ಹಳ್ಳಿಯವರು ಹಳೇ ಲೆಕ್ಕದಂತೆ ಜನವರಿ 12 ದಾಟಿದ ಮೇಲಿನ ಸೋಮವಾರವನ್ನೇ ಆಚರಿಸಿದರು. ಅದಕ್ಕೆ ಹಳೇ ಹ್ಯಾಂಡ್ಸೆಲ್ ಮಂಡೇ ಅಂತ ಹೆಸರಾಯಿತು. ಟಿಲ್ಲಿಕೂಲ್ಟ್ರಿ ಅಂತ ಒಂದು ಊರಿದೆ. ಅಲ್ಲಿ ವಿಲಿಯಂ ಹಂಟರ್ ಅನ್ನೋ ಕಲ್ಲಿದ್ದಲು ಗಣಿಯ ಕೂಲಿಯವನು ಕೀಲುನೋವಿನಿಂದ ಒಂದೂವರೆ ವರ್ಷ ಹಾಸಿಗೆ ಹಿಡಿದಿದ್ದ. 1758ರ ಹ್ಯಾಂಡ್ಸೆಲ್ ಸೋಮವಾರದ ರಾತ್ರಿ ಅಕ್ಕಪಕ್ಕದವರು ಅವನ ಮನೆಗೇ ಬಂದು ಹಬ್ಬ ಮಾಡಿದರು, ಹೊಸ ಬಿಯರು ಕುಡಿಸಿದರು. ಮಾರನೇ ದಿನ ಮನುಷ್ಯ ಎದ್ದು ಓಡಾಡಿದ ಅಂತ ಆ ಕಾಲದ ಊರಿನ ವರದಿ ಹೇಳುತ್ತೆ. ದಯವಿಟ್ಟು ಇದನ್ನು ಔಷಧಿ ಅಂತ ತಗೋಬೇಡಿ, ನಾಳೆ ನನ್ನ ಮೇಲೆ ಕೇಸ್ ಬೀಳುತ್ತೆ! ಆ ವರದಿಯಲ್ಲಿ ನನಗೆ ಹಿಡಿಸಿದ್ದು ಬಿಯರಲ್ಲ. ಎದ್ದು ಬರಲಾಗದವನ ಮನೆಗೆ ಹಬ್ಬವೇ ಎದ್ದು ಹೋಯಿತಲ್ಲ, ಅದು.

1871ರಲ್ಲಿ ಕಾನೂನು ಬಂದು ಸ್ಕಾಟ್ಲೆಂಡಿನಲ್ಲಿ ಜನವರಿ 1 ಬ್ಯಾಂಕ್ ರಜೆ ಆಯಿತು. ನಿಧಾನಕ್ಕೆ ಸೋಮವಾರದ ಹಬ್ಬ ಕರಗಿಹೋಯಿತು. ಇಲ್ಲಿ ಒಂದು ವಿಷಯ ಗಮನಿಸಿ. ಯಜಮಾನನ ಮನಸ್ಸಿಗೆ ಬಿಟ್ಟಿದ್ದ ರಜೆ ಪುಸ್ತಕದಲ್ಲಿ ಬರೆದ ರಜೆ ಆಯಿತು.

ನಮ್ಮಲ್ಲೂ ಇಂಥದ್ದು ಆಗಿದೆ. ದೀಪಾವಳಿಗೆ ಧಣಿಗಳು ಖುಷಿಯಾಗಿ ಕೊಡುತ್ತಿದ್ದ ಇನಾಮು ಇತ್ತಲ್ಲ, ಕಾರ್ಮಿಕರು ಹೋರಾಡಿ ಹೋರಾಡಿ ಅದು ಬೋನಸ್ ಆಯಿತು. 1965ರ ಬೋನಸ್ ಪಾವತಿ ಕಾಯ್ದೆಯಲ್ಲಿ ಕನಿಷ್ಠ ಎಷ್ಟು ಅಂತ ಬರೆದರು. ಶೇಕಡಾ 8.33 ಅನ್ನೋ ಅಂಕಿ ಆಮೇಲೆ ಆ ಕಾಯ್ದೆಯ ತಿದ್ದುಪಡಿಯಲ್ಲಿ ಬಂದದ್ದು. ನಾನು ಇಂಜಿನಿಯರಿಂಗ್ ಓದಿದವನು, ವಿಚಿತ್ರ ಅಂಕಿ ಕಂಡರೆ ಸುಮ್ಮನಿರಲ್ಲ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ, 8.33. ಅಂದರೆ ವರ್ಷದ ಸಂಬಳದಲ್ಲಿ ಹನ್ನೆರಡನೇ ಒಂದು ಭಾಗ, ಒಂದು ತಿಂಗಳಿನದು. ಧಣಿಯ ಮೂಡ್ ಹೇಗಿದೆ ಅಂತ ಮುಖ ನೋಡಿಕೊಂಡು ನಿಲ್ಲಬೇಕಾಗಿಲ್ಲ, ಲೆಕ್ಕ ಹಾಕಿ ತಗೋಬಹುದು.

ಆದರೆ ಈ ಲೆಕ್ಕ ಯಾರ ಮನೆ ಬಾಗಿಲಿಗೆ ಬರಲೇ ಇಲ್ಲ? ನಿಮ್ಮ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಣ್ಣುಮಗಳ ಬಾಗಿಲಿಗೆ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಅಂತ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮ ಕರ್ನಾಟಕ. ಇಡೀ ದೇಶದಲ್ಲಿ ಮೊದಲು. ಹೆಮ್ಮೆ ಪಡೋಣ. ಆಮೇಲೆ ಅಡುಗೆಮನೆಗೆ ಹೋಗಿ, ಆ ಅಧಿಸೂಚನೆಯಲ್ಲಿ ಎಷ್ಟಿದೆ, ನೀವು ಎಷ್ಟು ಕೊಡ್ತಿದೀರಿ ಅಂತ ಒಮ್ಮೆ ಕೇಳಿಕೊಳ್ಳಿ. ಹಬ್ಬಕ್ಕೆ ಒಂದು ಸೀರೆ ಕೊಟ್ಟೆವು, ಮಿಕ್ಕಿದ ಹೋಳಿಗೆ ಕೊಟ್ಟೆವು ಅಂತೀವಿ. ಕೊಡಿ, ಸಂತೋಷ. ಆದರೆ ಸೀರೆ ಕೊಟ್ಟು, ಮುಂದಿನ ತಿಂಗಳು ಎರಡು ದಿನ ಜ್ವರ ಅಂತ ಬರದಿದ್ದಕ್ಕೆ ಸಂಬಳ ಕತ್ತರಿಸಿದರೆ ಆ ಸೀರೆಗೆ ದುಡ್ಡು ಕೊಟ್ಟವರು ಯಾರು? ಅವಳೇ! ಕಾಣಿಕೆ ಸಂಬಳದ ಮೇಲೆ ಬರಬೇಕು, ಸಂಬಳದ ಬದಲಿಗೆ ಬರಬಾರದು.

ಈಗ ಎರಡನೇ ದಿಕ್ಕು. ಕಾಣಿಕೆ ಮೇಲಿಂದ ಕೆಳಗೆ ಬಂದರೆ ಹಬ್ಬ. ಅದೇ ಕಾಣಿಕೆ ಕೆಳಗಿನಿಂದ ಮೇಲಕ್ಕೆ ಹೋಗೋಕೆ ಶುರುವಾದರೆ?

ಪ್ರಾಚೀನ ರೋಮಿನಲ್ಲಿ ಜನವರಿ 1ಕ್ಕೆ ಸ್ಟ್ರೇನಾ ಅಂತ ಶುಭದ ಕಾಣಿಕೆ ಕೊಡುತ್ತಿದ್ದರು. ಅಂಜೂರ, ಖರ್ಜೂರ, ಜೇನುತುಪ್ಪ, ಮೇಲೊಂದು ನಾಣ್ಯ. ವರ್ಷ ಸಿಹಿಯಾಗಿರಲಿ ಅಂತ. ನಮ್ಮ ಸಂಕ್ರಾಂತಿಯ ಎಳ್ಳು ಬೆಲ್ಲ ಇದ್ದ ಹಾಗೆ. ಜನ ಚಕ್ರವರ್ತಿಗೂ ಕೊಡತೊಡಗಿದರು. ಅಗಸ್ಟಸ್ ಆ ದುಡ್ಡಿನಲ್ಲಿ ದೇವರ ಮೂರ್ತಿಗಳನ್ನು ಕೊಂಡು ಬೀದಿಬೀದಿಯಲ್ಲಿ ಇಡಿಸಿದ ಅಂತ ಸ್ಯುಟೋನಿಯಸ್ ಎಂಬ ಇತಿಹಾಸಕಾರ ಬರೆಯುತ್ತಾನೆ. ನಂತರ ಬಂದ ಕಲಿಗುಲ ಏನು ಮಾಡಿದ ಗೊತ್ತಾ? ಹೊಸ ವರ್ಷಕ್ಕೆ ಕಾಣಿಕೆ ಸ್ವೀಕರಿಸಲಾಗುವುದು ಅಂತ ಮೊದಲೇ ಘೋಷಣೆ ಹೊರಡಿಸಿ, ಜನವರಿ 1ರಂದು ಅರಮನೆಯ ಬಾಗಿಲಲ್ಲಿ ತಾನೇ ನಿಂತುಕೊಂಡ! ಜನ ಬಂದು ಸುರಿದ ಕಾಸನ್ನು ಕೈಯಾರೆ ತಗೊಂಡ. ಚಕ್ರವರ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಕೊಡದೆ ಹೋಗುವ ಧೈರ್ಯ ಯಾರಿಗಿದೆ ಹೇಳಿ? ಅದು ಕಾಣಿಕೆಯೋ, ಕಂದಾಯವೋ?

ರೋಮ್ ದೂರ ಆಯಿತು ಅಂತ ಅನ್ಕೋಬೇಡಿ. ನಮ್ಮಲ್ಲಿ ಒಂದು ಪದ ಇದೆ, ಮಾಮೂಲು. ಮಾಮೂಲು ಅಂದರೆ ವಾಡಿಕೆಯದ್ದು, ಯಾವಾಗಲೂ ನಡೆಯುವಂಥದ್ದು. ಈಗ ಸಂತೆ ಬೀದಿಯಲ್ಲಿ ಹೋಗಿ 'ಮಾಮೂಲು ಕೊಟ್ಯಾ' ಅಂತ ಕೇಳಿ, ಏನು ಅರ್ಥ ಅಂತ ಐದು ವರ್ಷದ ಮಗುವೂ ಹೇಳುತ್ತೆ. ಮೊದಲು ಯಾರೋ ಖುಷಿಗೆ ಕೊಟ್ಟಿರಬಹುದು. ಮರುವರ್ಷ ಅದು ವಾಡಿಕೆ ಆಯಿತು. ಅದರ ಮರುವರ್ಷ ರೇಟು ಆಯಿತು. ಭ್ರಷ್ಟಾಚಾರ ನಮ್ಮಲ್ಲಿ ಎಷ್ಟು ಸಹಜವಾಗಿ ಬೇರು ಬಿಟ್ಟಿದೆ ಅನ್ನೋದಕ್ಕೆ ಬೇರೆ ಸಮೀಕ್ಷೆ ಬೇಡ, ಈ ಒಂದು ಪದ ಸಾಕು.

ನಾನು ವರದಿಗಾರಿಕೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯ ಹೊರಗೆ ಒಬ್ಬ ಅಜ್ಜಿ ಸಿಕ್ಕಿದ್ದರು. ಊರು, ಹೆಸರು ಬೇಡ. ಮೊಮ್ಮಗು ಹುಟ್ಟಿ ಒಂದು ಗಂಟೆ ಆಗಿತ್ತು, ಅವರು ಇನ್ನೂ ಮುಖ ನೋಡಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಾ ಕೂತಿದ್ದರು. 'ಯಾಕಜ್ಜಿ, ಒಳಗೆ ಹೋಗಲ್ವಾ' ಅಂದೆ. 'ಖುಷಿ ಕೊಡ್ಬೇಕಂತಪ್ಪ. ಗಂಡಾದ್ರೆ ಇಷ್ಟು, ಹೆಣ್ಣಾದ್ರೆ ಇಷ್ಟು ಅಂತ ಐತೆ. ನಮಗೆ ಹೆಣ್ಣಾಗದೆ. ಅದ್ಕೇ ಸ್ವಲ್ಪ ಕಮ್ಮಿ' ಅಂದರು. ಆ 'ಸ್ವಲ್ಪ ಕಮ್ಮಿ' ಅನ್ನೋದರಲ್ಲಿ ಅವರಿಗೆ ಸಮಾಧಾನವೇ ಇತ್ತು. ಹುಟ್ಟಿ ಒಂದು ಗಂಟೆ ಆಗಿರೋ ಕೂಸಿಗೆ ಇಬ್ಬರೂ ಸೇರಿ ರೇಟು ಕಟ್ಟಿದ್ದರು, ಕೇಳಿದವನೂ, ಕೊಟ್ಟವರೂ.

ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಉಳಿದಿರುವ ಒಂದು ಪದ್ಧತಿ ಹೇಳ್ತೀನಿ, ಕೇಳಿ. ಹೊಸ ಮಗುವನ್ನು ಮೊದಲ ಸಲ ನೋಡಿದವರು ಅದರ ಪುಟ್ಟ ಕೈಯಲ್ಲಿ ಒಂದು ಬೆಳ್ಳಿ ನಾಣ್ಯ ಇಡುತ್ತಾರೆ. ಮಗು ಬಿಗಿಯಾಗಿ ಹಿಡಕೊಂಡರೆ ದುಡ್ಡು ಉಳಿಸೋ ಜಾಣ ಆಗುತ್ತೆ, ಬಿಟ್ಟರೆ ಧಾರಾಳಿ ಆಗುತ್ತೆ ಅಂತ ನಗುತ್ತಾರೆ. ಅದೂ ಹ್ಯಾಂಡ್ಸೆಲ್. ನಮ್ಮ ಹಳ್ಳಿಗಳಲ್ಲೂ ಮಗು ನೋಡೋಕೆ ಹೋದವರು ಬರಿಗೈಲಿ ಹೋಗಲ್ಲ, ಕೂಸಿನ ಕೈಯಲ್ಲಿ ಏನಾದರೂ ಇಟ್ಟೇ ಬರ್ತಾರೆ. ಮಗುವಿನ ಕೈಗೆ ದುಡ್ಡು ಇಡೋದು ನಮ್ಮ ಪದ್ಧತಿ. ಹಾಗಾದರೆ ಮಗುವಿನ ಕೈಯಿಂದ ದುಡ್ಡು ಕಿತ್ತುಕೊಳ್ಳೋದು ಯಾರ ಪದ್ಧತಿ?

ಕಾನೂನು ಏನು ಹೇಳುತ್ತೆ ಅಂತಲೂ ತಿಳಿದುಕೊಳ್ಳಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂತು. ಲಂಚ ತಗೊಂಡವನಿಗೆ ಮಾತ್ರವಲ್ಲ, ಕೊಟ್ಟವನಿಗೂ ಶಿಕ್ಷೆ ಇದೆ, ಏಳು ವರ್ಷದವರೆಗೆ ಜೈಲು. ಆದರೆ ಬಲವಂತಕ್ಕೆ ಕೊಟ್ಟವರಿಗೆ ಒಂದು ರಕ್ಷಣೆ ಇದೆ: ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಇದೆ. 2016ರಲ್ಲಿ ಮಾಡಿದ್ದ ಎಸಿಬಿಯನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ಈ ತನಿಖೆಯ ಅಧಿಕಾರ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ. ಆ ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಿಮಗೆ ಈಗ ಗೊತ್ತಾಯಿತು.

ಮೂರನೇ ಮಾತು ಸ್ವಲ್ಪ ಮನೆಯೊಳಗಿನದ್ದು. ಬೋಣಿ ಒಳ್ಳೇ ಕೈಯಿಂದ ಆಗಬೇಕು ಅಂತೀವಿ. ಸರಿ. ಹಾಗಾದರೆ ಕೆಟ್ಟ ಕೈ ಯಾವುದು?

ಇದರಲ್ಲೂ ನಾವು ಒಂಟಿ ಅಲ್ಲ. ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷದ ಮಧ್ಯರಾತ್ರಿ ದಾಟಿದ ಮೇಲೆ ಮನೆಯೊಳಗೆ ಯಾರ ಕಾಲು ಮೊದಲು ಬೀಳುತ್ತೆ ಅಂತ ನೋಡ್ತಾರೆ. ನಮ್ಮ ಕಾಲ್ಗುಣ ಇದ್ದ ಹಾಗೆ! ಕಪ್ಪು ಕೂದಲಿನ ಗಂಡಸು ಕಲ್ಲಿದ್ದಲು, ಬ್ರೆಡ್ಡು, ವಿಸ್ಕಿ ಹಿಡಿದು ಬಂದರೆ ಶುಭ. ಹೆಂಗಸು ಬಂದರೆ, ಕೆಂಚು ಕೂದಲಿನವರು ಬಂದರೆ ಅಪಶಕುನ ಅಂತ ಹಳಬರ ನಂಬಿಕೆ. ಕೂದಲಿನ ಬಣ್ಣಕ್ಕೂ ಮನೆಯ ಯೋಗಕ್ಕೂ ಏನು ಸಂಬಂಧ ಅಂತ ನಾವು ನಗುತ್ತೀವಿ. ನಕ್ಕ ಮೇಲೆ ಕನ್ನಡಿ ನೋಡಿಕೊಳ್ಳೋಣ. ನಾವು ಕೂದಲಿನ ಬಣ್ಣ ನೋಡಲ್ಲ. ಹಣೆಯಲ್ಲಿ ಕುಂಕುಮ ಇದೆಯಾ ಅಂತ ನೋಡ್ತೀವಿ.

ನನ್ನ ಸೋದರತ್ತೆಯ ಕೈಗುಣ ಊರಿಗೇ ಹೆಸರು. ಮಾವಿನ ಮಿಡಿ ಉಪ್ಪಿನಕಾಯಿ ಹಾಕುವಾಗ ಮೊದಲ ಹಿಡಿ ಉಪ್ಪು ಅವರೇ ಹಾಕಬೇಕು, ಹೊಸ ಹಸು ಬಂದರೆ ಮೊದಲು ಅವರೇ ಹಾಲು ಕರೀಬೇಕು ಅಂತ ಅಕ್ಕಪಕ್ಕದವರು ಕರೆದುಕೊಂಡು ಹೋಗೋರು. ಮೂವತ್ತನಾಲ್ಕನೇ ವಯಸ್ಸಿಗೆ ಅವರ ಗಂಡ ತೀರಿಕೊಂಡರು. ಅಲ್ಲಿಗೆ ಕರೆಯೋದು ನಿಂತುಹೋಯಿತು. ಯಾರೂ ಜಗಳ ಆಡಲಿಲ್ಲ, ಯಾರೂ ಬೈಯಲಿಲ್ಲ. ಸುಮ್ಮನೆ ಕರೆಯಲಿಲ್ಲ, ಅಷ್ಟೇ. ನಾನು ಕಾಲೇಜಿನಲ್ಲಿ ಕಲಿತ ಪ್ರಕಾರ ಯೋಚನೆ ಮಾಡಿದರೂ ಇದರ ಲೆಕ್ಕ ಕೂಡಲ್ಲ. ಕೈ ಅದೇ. ಉಪ್ಪು ಅದೇ. ಮಾವಿನ ಮಿಡಿ ಅದೇ ಮರದ್ದು. ಒಂದೇ ವಾರದಲ್ಲಿ ರೀಡಿಂಗ್ ಪೂರ್ತಿ ಬದಲಾಗಿದೆ ಅಂದರೆ ಕೆಟ್ಟಿರೋದು ಕೈ ಅಲ್ಲ, ಅಳೆಯುವ ಮೀಟರ್.

ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗ ಹಾರ್ಡ್‌ವೇರ್ ಅಂಗಡಿ ತೆರೆದ. ಪೂಜೆ ಆಯಿತು, ಮಂಗಳಾರತಿ ಆಯಿತು, ಬೋಣಿ ಯಾರು ಮಾಡೋದು ಅಂತ ಎಲ್ಲರೂ ಮುಖಮುಖ ನೋಡುತ್ತಿದ್ದರು. ಅತ್ತೆ ವಾಡಿಕೆಯಂತೆ ಹಿಂದೆ ಗೋಡೆ ಪಕ್ಕ ನಿಂತಿದ್ದರು. ಆಗ ನಮ್ಮಮ್ಮ, ಯಾವತ್ತೂ ಸಭೆಯಲ್ಲಿ ಗಟ್ಟಿಯಾಗಿ ಮಾತಾಡದವರು, 'ಅಕ್ಕಾ, ಅಲ್ಯಾಕೆ ನಿಂತಿದೀರಾ? ಬನ್ನಿ, ನೀವೇ ಮೊದಲು ಏನಾದ್ರೂ ತಗೊಳ್ಳಿ' ಅಂದರು. ಅಂಗಡಿ ಪೂರ್ತಿ ಗಪ್‌ಚಿಪ್. ಅತ್ತೆ ನಿಧಾನಕ್ಕೆ ಬಂದು ಗಲ್ಲಾದ ಮುಂದೆ ನಿಂತು, 'ಕಾಲು ಕೇಜಿ ಮೊಳೆ ಕೊಡೋ ಮಗಾ. ಮೊಳೆ ತಗೊಂಡು ನಾನೇನ್ ಮಾಡ್ಲಿ ಗೊತ್ತಿಲ್ಲ, ಆದ್ರೂ ಕೊಡು' ಅಂದರು. ಎಲ್ಲರೂ ನಕ್ಕುಬಿಟ್ಟರು. ಆ ಹುಡುಗ ದುಡ್ಡು ಕಣ್ಣಿಗೆ ಒತ್ತಿಕೊಂಡು ಗಲ್ಲಾದಲ್ಲಿ ಇಟ್ಟ.

ಅಂಗಡಿ ಚೆನ್ನಾಗಿ ನಡೀತಿದೆ. ಆದರೆ ಅದನ್ನು ನಾನು ಸಾಕ್ಷಿ ಅಂತ ಹೇಳಲ್ಲ, ಯಾಕೆ ಗೊತ್ತಾ? ಅಂಗಡಿ ನಡೆದರೆ ಅತ್ತೆಯ ಕೈಗುಣ ಅನ್ನೋದಾದರೆ, ನಾಳೆ ನಷ್ಟ ಆದರೆ ಅದನ್ನೂ ಅವರ ತಲೆಗೇ ಕಟ್ಟಬೇಕಾಗುತ್ತೆ. ನಡೆದದ್ದು ಆ ಹುಡುಗನ ದುಡಿಮೆಯಿಂದ. ನಿಂತರೂ ಅದಕ್ಕೆ ಮಾರುಕಟ್ಟೆಯ ಕಾರಣ ಇರುತ್ತೆ. ಅತ್ತೆಗೆ ಅವತ್ತು ಸಿಕ್ಕಿದ್ದು ಎಲ್ಲರ ಎದುರು ನಿಲ್ಲುವ ಜಾಗ. ಅದಕ್ಕೂ ಲಾಭನಷ್ಟಕ್ಕೂ ಸಂಬಂಧ ಇಲ್ಲ, ಇರಲೂಬಾರದು.

ಇದು ಒಂದು ಮನೆಯ ಮಾತಾಯಿತು. ಊರಿನ ಮಟ್ಟದಲ್ಲೂ ಆಗಿದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರ ಗೊತ್ತಲ್ಲ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪನೆ ಮಾಡಿದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಬಿ. ಜನಾರ್ದನ ಪೂಜಾರಿಯವರು ಮುಂದೆ ನಿಂತು ಮಾಡಿಸಿದ ಕೆಲಸ ಅದು. ದೇವರಿಗೇ ಆ ಕೈ ಆಗಿಬರುತ್ತೆ ಅಂದಮೇಲೆ ನಿಮ್ಮ ಕಾರಿನ ಪೂಜೆಗೆ, ನಿಮ್ಮ ಮಗಳ ಮದುವೆಯ ಅರಿಶಿನಕ್ಕೆ ಆಗಿಬರಲ್ವಾ?

ಮೊದಲ ಗಳಿಗೆಗೆ ಇಷ್ಟೊಂದು ಬೆಲೆ ಕೊಡೋದು ಸರಿಯಾ ಅಂತ ನನ್ನನ್ನು ಕೇಳಿದರೆ ಇಂಜಿನಿಯರಿಂಗಿನ ಒಂದು ಮಾತು ಹೇಳ್ತೀನಿ. ಫ್ಯಾನಿನ ಸ್ವಿಚ್ಚು ಹಾಕಿದಾಗ ಮೊದಲು ಒಂದು ಜರ್ಕ್ ಹೊಡೆಯುತ್ತೆ. ಸ್ವಲ್ಪ ಹೊತ್ತಿಗೆ ಅದೆಲ್ಲ ಹೋಗಿ ಒಂದೇ ವೇಗದಲ್ಲಿ ತಿರುಗುತ್ತೆ. ಆಮೇಲೆ ಮೊದಲ ಜರ್ಕ್ ಹೇಗಿತ್ತು ಅಂತ ಫ್ಯಾನಿಗೆ ನೆನಪೂ ಇರಲ್ಲ. ಅದರ ವೇಗ ನಿಂತಿರೋದು ನಿರಂತರವಾಗಿ ಬರುವ ಕರೆಂಟಿನ ಮೇಲೆ. ಬದುಕೂ ಸುಮಾರಾಗಿ ಹಾಗೇ. ಬಾಂಬೆ ಷೇರುಪೇಟೆಯಲ್ಲಿ 1957ರಿಂದ ದೀಪಾವಳಿಗೆ ಮುಹೂರ್ತದ ವಹಿವಾಟು ಅಂತ ನಡೆಯುತ್ತೆ. ಅವತ್ತು ಹಸಿರು ಬಣ್ಣ ಬಂದರೆ ಎಲ್ಲರಿಗೂ ಖುಷಿ. ಹಾಗಂತ ಮುಹೂರ್ತದಲ್ಲಿ ಕೊಂಡ ಷೇರು ಮುಳುಗೇ ಇಲ್ವಾ? ಕೇಳಿ ನೋಡಿ ಕೊಂಡವರನ್ನ!

ಆದರೆ ತಳ್ಳುಗಾಡಿಯವನಿಗೆ ಮೊದಲ ಗಳಿಗೆ ಯಾಕೆ ಅಷ್ಟು ಮುಖ್ಯ ಅಂತ ಅರ್ಥ ಮಾಡಿಕೊಳ್ಳಬೇಕು. ಅವನದ್ದು ಮೂಢನಂಬಿಕೆ ಅಂತ ಎಸಿ ರೂಮಿನಲ್ಲಿ ಕೂತು ಹೇಳೋದು ಸುಲಭ. ಬೆಳಗಿನ ಜಾವ ಬಡ್ಡಿಯವನ ಹತ್ತಿರ ಒಂಬೈನೂರು ತಗೊಂಡು, ಸಂಜೆ ಸಾವಿರ ವಾಪಸ್ ಕೊಡಬೇಕಾದವನ ಸ್ಥಿತಿ ಯೋಚನೆ ಮಾಡಿ. ಒಂದು ದಿನಕ್ಕೆ ನೂರು ರೂಪಾಯಿ ಬಡ್ಡಿ! ತರಕಾರಿ ಕೊಂಡಾಗಿದೆ, ಬಿಸಿಲು ಏರ್ತಿದೆ, ಸೊಪ್ಪು ಬಾಡ್ತಿದೆ. ಮೊದಲ ಗಿರಾಕಿ ಬರೋ ತನಕ ಅವನಿಗೆ ಉಸಿರು ಬಿಗಿ ಹಿಡಿದಂತೆ. ಅದಕ್ಕೇ ಅವನು ಮೊದಲ ಗಿರಾಕಿಯನ್ನು ಬಿಡಲ್ಲ, ನಷ್ಟ ಆದರೂ ಕೊಟ್ಟು ಕಳಿಸ್ತಾನೆ. ಇದು ಗೊತ್ತಿದ್ದೇ ಕೆಲವರು ಬೋಣಿ ಹೊತ್ತಿಗೆ ಹೋಗಿ ಚೌಕಾಸಿ ಮಾಡ್ತಾರೆ. ನಲವತ್ತರ ಹಣ್ಣನ್ನು ಇಪ್ಪತ್ತಕ್ಕೆ ತಂದೆ ಅಂತ ಮನೆಯಲ್ಲಿ ಹೇಳಿಕೊಳ್ತಾರೆ. ಆಮೇಲೆ ಮಾಲ್‌ನಲ್ಲಿ ಪಾರ್ಕಿಂಗಿಗೆ ಎಂಬತ್ತು ರೂಪಾಯಿ ಮರುಮಾತಿಲ್ಲದೆ ಕೊಟ್ಟು ಬರ್ತಾರೆ.

ಅವನಿಗೆ ನಿಜವಾದ ಹ್ಯಾಂಡ್ಸೆಲ್ ಬೇಕಿರೋದು ಬಡ್ಡಿ ಇಲ್ಲದ ಬಂಡವಾಳದ ರೂಪದಲ್ಲಿ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಬಡವರ ಬಂಧು ಅಂತ ಯೋಜನೆ ತಂತು, ಬೀದಿ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದ ಸಣ್ಣ ಸಾಲ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ತಂದು ಮೊದಲ ಕಂತಾಗಿ 10,000 ರೂಪಾಯಿವರೆಗೆ ಸಾಲ ಕೊಡೋಕೆ ಶುರು ಮಾಡಿತು. ಅದಕ್ಕೂ ಮೊದಲೇ, 2014ರಲ್ಲಿ, ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಸಮೀಕ್ಷೆ ಮಾಡಬೇಕು, ಗುರುತಿನ ಪ್ರಮಾಣಪತ್ರ ಕೊಡಬೇಕು, ಸುಮ್ಮಸುಮ್ಮನೆ ಎತ್ತಂಗಡಿ ಮಾಡಬಾರದು ಅಂತ ಅದರಲ್ಲಿದೆ. ಇದು ಕಾಗದದಲ್ಲಿರೋ ಮಾತು. ನಿಮ್ಮ ಬಡಾವಣೆಯ ಸೊಪ್ಪಿನಮ್ಮನ ಹತ್ತಿರ ಆ ಪ್ರಮಾಣಪತ್ರ ಇದೆಯಾ? ನಾಳೆ ಸೊಪ್ಪು ತಗೊಳ್ಳುವಾಗ ಕೇಳಿ. ಇಲ್ಲ ಅಂದರೆ ನಿಮ್ಮ ಪಾಲಿಕೆಯವರನ್ನು ಕೇಳಿ. ನಾವೂ ಕೇಳ್ತೀವಿ, ಇದೇ ಸ್ಟುಡಿಯೋದಲ್ಲಿ, ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು.

ಹಾಗಾದರೆ ಯಾವುದು ಶುಭದ ಕಾಣಿಕೆ, ಯಾವುದು ಅಲ್ಲ ಅಂತ ತಿಳಿಯೋದು ಹೇಗೆ? ಮೂರು ಪ್ರಶ್ನೆ ಸಾಕು ಅನಿಸುತ್ತೆ ನನಗೆ. ಒಂದು, ಕೊಡದೆ ಹೋದರೆ ಕೊಡುವವನಿಗೆ ಏನಾದರೂ ತೊಂದರೆ ಆಗುತ್ತಾ? ಆಗುತ್ತೆ ಅಂದರೆ ಅದು ಕಾಣಿಕೆ ಅಲ್ಲ, ವಸೂಲಿ. ಎರಡು, ಸಲ್ಲಬೇಕಾದ್ದನ್ನು ಕೊಟ್ಟ ಮೇಲೆ ಕೊಡ್ತಿದೀರಾ, ಅಥವಾ ಅದನ್ನು ತಪ್ಪಿಸೋಕೆ ಕೊಡ್ತಿದೀರಾ? ಮೂರು, ಆ ಶುಭಕ್ಕಾಗಿ ಯಾರನ್ನಾದರೂ ಗೋಡೆ ಪಕ್ಕ ನಿಲ್ಲಿಸ್ತಿದೀರಾ? ಈ ಮೂರೂ ದಾಟಿದರೆ ಧಾರಾಳವಾಗಿ ಕೊಡಿ. ನೂರಾ ಒಂದೇ ಕೊಡಿ, ಆ ಒಂದು ರೂಪಾಯಿ ಅಂಟಿಸಿದ ಕವರಿನಲ್ಲೇ ಕೊಡಿ. ಹೊಸ ಪರ್ಸಿನಲ್ಲಿ ನಾಣ್ಯ ಇಟ್ಟೇ ಕೊಡಿ. ಅದರಲ್ಲಿ ಯಾರಿಗೂ ನಷ್ಟ ಇಲ್ಲ.

ನಾಳೆ ಮಂಗಳವಾರ. ಬೆಳಗ್ಗೆ ಹಾಲಿಗೋ ಹೂವಿಗೋ ಹೊರಗೆ ಹೋಗ್ತೀರಿ. ಯಾರಾದರೂ 'ಬೋಣಿ ಆಗಿಲ್ಲ ಕಣಣ್ಣ' ಅಂದರೆ ಚೌಕಾಸಿ ಮಾಡಬೇಡಿ, ಹೇಳಿದಷ್ಟು ಕೊಟ್ಟು ಬನ್ನಿ. ಈಗ ಆ ದುಡ್ಡು ಬಂತು ಅಂತ ಡಬ್ಬಿಯೊಂದು ಕೂಗಿ ಹೇಳುತ್ತೆ, ಆದರೂ ಸಾಧ್ಯವಾದರೆ ಕೈಗೇ ಕೊಡಿ, ಅವರು ಕಣ್ಣಿಗೆ ಒತ್ತಿಕೊಳ್ಳಲಿ. ಮನೆಗೆ ಬಂದ ಮೇಲೆ ಪಾತ್ರೆ ತೊಳೆಯೋಕೆ ಬರುವವರ ಸಂಬಳದ ಲೆಕ್ಕ ಒಮ್ಮೆ ನೋಡಿ. ಈ ವರ್ಷ ಮನೆಯಲ್ಲಿ ಯಾವುದಾದರೂ ಶುಭಕಾರ್ಯ ಇದ್ದರೆ, ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡಿ, ಹೆಸರು ಹಿಡಿದು ಕರೀರಿ.

ಒಂಬತ್ತು ಗಂಟೆಯ ಬುಲೆಟಿನ್‌ನಲ್ಲಿ ಮತ್ತೆ ಸಿಗೋಣ.